ಮನೆಯಲ್ಲಿ ವಿಯೆಟ್ನಾಮಿನ ಕೋಳಿ ಫೋ: ಸೂಪು ಕಲಕದಂತೆ, ನೂಡಲ್ಸ್ ಮುದ್ದೆಯಾಗದಂತೆ ಮಾಡುವ ಕ್ರಮ

ವಿಯೆಟ್ನಾಮಿನ ನೂಡಲ್ಸ್ ಸೂಪಾದ ಫೋ ಮಾಡಲು ಹೊರಟವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸೂಪು ಕಲಕಿ ಬೆಳ್ಳಗಾಗುತ್ತದೆ, ಇಲ್ಲವೇ ಪಲಾವಿನ ಮಸಾಲೆಯ ವಾಸನೆ ಹೊಡೆಯುತ್ತದೆ. ನೂಡಲ್ಸ್ ಬಟ್ಟಲಿಗೆ ಬರುವಷ್ಟರಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಇವೆಲ್ಲ ಸರಿಹೋದವರಿಗೂ ಕೊನೆಯಲ್ಲಿ ರುಚಿ ಸಪ್ಪೆಯಾಗಿ ನಿಲ್ಲುತ್ತದೆ. ಸಾಮಗ್ರಿ ಸಿಗದೆ ಹೀಗಾಯಿತು ಎಂದು ಹಲವರು ಭಾವಿಸುತ್ತಾರಾದರೂ ಬಹುತೇಕ ಸಂದರ್ಭಗಳಲ್ಲಿ ತಪ್ಪುವುದು ಕೆಲಸದ ಕ್ರಮ. ನಮ್ಮ ಒಲೆಯ ಮೇಲೆ ಎಣ್ಣೆ, ಮಸಾಲೆ, ಈರುಳ್ಳಿ ಮೊದಲು ಬೀಳುತ್ತವೆ, ನೀರು ಆಮೇಲೆ ಬರುತ್ತದೆ. ಫೋದಲ್ಲಿ ತಣ್ಣೀರು ಮತ್ತು ಮೂಳೆ ಮೊದಲು, ಮಸಾಲೆ ಕೊನೆಯ ನಲವತ್ತು ನಿಮಿಷಕ್ಕೆ, ಮೀನಿನ ಸಾಸ್ ಒಲೆ ಆರಿಸಿದ ಮೇಲೆ. ಈ ಕ್ರಮವನ್ನು ಕೆಡಿಸಿದ ಮೇಲೆ ಎಷ್ಟು ದುಬಾರಿ ಸಾಮಗ್ರಿ ತಂದರೂ ಪ್ರಯೋಜನವಿಲ್ಲ.

ದನದ ಮಾಂಸದ ಫೋ ಬೊ ಮತ್ತು ಕೋಳಿಯ ಫೋ ಗಾ ಎಂಬ ಎರಡು ಮುಖ್ಯ ಬಗೆಗಳಲ್ಲಿ ಇಲ್ಲಿ ಎರಡನೆಯದನ್ನು ವಿವರಿಸಲಾಗಿದೆ. ಇದು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ, ಮೊದಲ ಸಲ ಮಾಡುವವರ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ, ಮತ್ತು ಇದರಲ್ಲಿ ಕಲಿತ ಕೈ ಫೋ ಬೊಗೂ ಒದಗುತ್ತದೆ. ಅನುಸರಿಸಿರುವುದು ಉತ್ತರ ವಿಯೆಟ್ನಾಮಿನ ಹನೋಯ್ ಕಡೆಯ ಪದ್ಧತಿ: ಸಿಹಿ ಕಡಿಮೆ, ಮಸಾಲೆ ಹಗುರ, ಮೇಲಿನ ಅಲಂಕಾರ ಮಿತ.

## ಬೇಕಾಗುವ ಪಾತ್ರೆ, ಸಲಕರಣೆ

ಎಂಟರಿಂದ ಒಂಬತ್ತು ಲೀಟರ್ ಹಿಡಿಯುವ ದಪ್ಪ ತಳದ ಪಾತ್ರೆ ಬೇಕು. ಇಡೀ ಕೋಳಿ, ಮೂಳೆ ಮತ್ತು ನಾಲ್ಕು ಲೀಟರ್ ನೀರು ಸೇರಿದಾಗ ಆರು ಲೀಟರಿನ ಪಾತ್ರೆ ಅಂಚಿನವರೆಗೆ ತುಂಬಿ, ನೊರೆ ತೆಗೆಯಲು ಜಾಗವೇ ಉಳಿಯುವುದಿಲ್ಲ. ಇದರ ಜೊತೆಗೆ ಸಣ್ಣ ಕಣ್ಣಿನ ಜರಡಿ, ಒಗೆದ ತೆಳು ಹತ್ತಿ ಬಟ್ಟೆಯ ಎರಡು ತುಂಡು (ಒಂದು ಮಸಾಲೆ ಕಟ್ಟಲು, ಇನ್ನೊಂದು ಸೋಸಲು), ಚಪ್ಪಟೆ ಸೌಟು, ಇಕ್ಕಳ, ಫುಲ್ಕಾ ಸುಡುವ ಜಾಲರಿ ಮತ್ತು ನೂಡಲ್ಸ್ ಅದ್ದಿ ತೆಗೆಯಲು ಹಿಡಿಯಿರುವ ಆಳವಾದ ಜರಡಿ ಇರಲಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಕೋಳಿ ಬೆಂದಿದೆಯೋ ಇಲ್ಲವೋ ಎಂಬ ಅನುಮಾನ ಉಳಿಯುವುದಿಲ್ಲ.

ಬಟ್ಟಲುಗಳ ವಿಚಾರವನ್ನು ಬಹಳ ಮಂದಿ ಕೊನೆಯ ಗಳಿಗೆಗೆ ಬಿಡುತ್ತಾರೆ. ಒಂದು ಬಟ್ಟಲು ಮುಕ್ಕಾಲರಿಂದ ಒಂದು ಲೀಟರ್ ಹಿಡಿಯುವಂತಿರಬೇಕು. ಪಾಯಸದ ಬಟ್ಟಲಿಗೆ ಫೋ ಬಡಿಸಿದರೆ ನೂಡಲ್ಸ್ ಸೂಪಿನ ಮೇಲೆ ಎದ್ದು ನಿಂತು ಬಿಸಿ ಆರಿಹೋಗುತ್ತದೆ.

## ಆರು ಜನರಿಗೆ ಸಾಮಗ್ರಿ

ಸೂಪಿಗೆ: ಚರ್ಮಸಹಿತವಾದ, ತುಂಡು ಮಾಡದ ಕೋಳಿ ಒಂದು (ಸುಮಾರು ಒಂದೂವರೆ ಕಿಲೋ), ಕೋಳಿಯ ಬೆನ್ನು, ರೆಕ್ಕೆ, ಕಾಲು ಸೇರಿ ಒಂದು ಕಿಲೋ, ತಣ್ಣೀರು 4 ಲೀಟರ್, ದೊಡ್ಡ ಈರುಳ್ಳಿ 2, ಸಾಂಬಾರ್ ಈರುಳ್ಳಿ ಒಂದು ಹಿಡಿ, ಶುಂಠಿ 80 ಗ್ರಾಂ, ಕಲ್ಲುಸಕ್ಕರೆ 20 ಗ್ರಾಂ, ಉಪ್ಪು ಒಂದು ದೊಡ್ಡ ಚಮಚ, ಮೀನಿನ ಸಾಸ್ ನಾಲ್ಕು ದೊಡ್ಡ ಚಮಚ.

ಮಸಾಲೆ ಗಂಟಿಗೆ: ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಚಕ್ರಮೊಗ್ಗು 3, ಬೆರಳುದ್ದದ ಚಕ್ಕೆ 1, ಲವಂಗ 3, ಬೇಕೆನಿಸಿದರೆ ಕಪ್ಪು ಏಲಕ್ಕಿ 1.

ಬಡಿಸಲು: ಒಣ ಚಪ್ಪಟೆ ಅಕ್ಕಿ ನೂಡಲ್ಸ್ 500 ಗ್ರಾಂ, ಈರುಳ್ಳಿ ಹೂವು, ಕೊತ್ತಂಬರಿ ಸೊಪ್ಪು, ಎಳೆಯ ನಿಂಬೆ ಎಲೆ, ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕಾಳುಮೆಣಸಿನ ಪುಡಿ.

ಇವುಗಳಲ್ಲಿ ನಾಲ್ಕನ್ನು ಕೊಳ್ಳುವಾಗ ವಿಶೇಷ ಎಚ್ಚರ ಬೇಕು.

ಕೋಳಿ. ಕರ್ನಾಟಕದ ಹೆಚ್ಚಿನ ಕೋಳಿ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದು, ಸಾರಿನ ತುಂಡು ಮಾಡಿ ಕೊಡುತ್ತಾರೆ. ಚರ್ಮ ಬಿಡಬೇಕು, ತುಂಡು ಮಾಡಬಾರದು ಎಂದು ತೂಕಕ್ಕೆ ಇಡುವ ಮೊದಲೇ ಹೇಳಿ. ಸೂಪಿನ ಮೇಲೆ ತೇಲುವ ಹೊಂಬಣ್ಣದ ಜಿಡ್ಡು ಬರುವುದು ಆ ಚರ್ಮದಿಂದಲೇ. ಕೋಳಿ ಕಾಲುಗಳನ್ನು ಬಿಡಬೇಡಿ, ಸೂಪಿಗೆ ಮೈ ಕೊಡುವ ಜೆಲಟಿನ್ ಅವುಗಳಲ್ಲಿ ಹೇರಳವಾಗಿದೆ. ವಿಯೆಟ್ನಾಮಿನಲ್ಲೂ ಫೋ ಗಾಗೆ ಬಯಲಿನಲ್ಲಿ ಬೆಳೆದ ಗಟ್ಟಿ ಮಾಂಸದ ಕೋಳಿಯನ್ನೇ ಮೆಚ್ಚುತ್ತಾರೆ. ಆದ್ದರಿಂದ ನಾಟಿ ಕೋಳಿ ಸಿಕ್ಕರೆ ಹಿಂಜರಿಯುವ ಅಗತ್ಯವಿಲ್ಲ, ಬೇಯುವ ಸಮಯ ಮಾತ್ರ ಹೆಚ್ಚು.

ನೂಡಲ್ಸ್. ಫೋಗೆ ಬೇಕಾದದ್ದು ಬಾನ್ ಫೋ. ಅಕ್ಕಿಹಿಟ್ಟನ್ನು ತೆಳು ಹಾಳೆಯಾಗಿ ಹಬೆಯಲ್ಲಿ ಬೇಯಿಸಿ, ಪಟ್ಟಿಯಾಗಿ ಕತ್ತರಿಸಿದ ಚಪ್ಪಟೆ ನೂಡಲ್ಸ್ ಅದು. ಮೂರರಿಂದ ಐದು ಮಿಲಿಮೀಟರ್ ಅಗಲದ್ದನ್ನು ಆರಿಸಿ. ನಮ್ಮ ಒತ್ತು ಶಾವಿಗೆಯನ್ನಾಗಲಿ, ಪೊಟ್ಟಣದ ದುಂಡನೆಯ ಅಕ್ಕಿ ಶಾವಿಗೆಯನ್ನಾಗಲಿ ಬದಲಿಗೆ ಬಳಸಬೇಡಿ. ದುಂಡನೆಯದನ್ನು ವಿಯೆಟ್ನಾಮಿನಲ್ಲಿ ಬುನ್ ಎನ್ನುತ್ತಾರೆ, ಅದರ ಅಡುಗೆಗಳೇ ಬೇರೆ.

ಚಕ್ರಮೊಗ್ಗು. ಎಂಟು ದಳದ ನಕ್ಷತ್ರಾಕಾರದ್ದೇ ಬೇಕು. ಬಿಸಿಬೇಳೆಬಾತಿಗೆ ಹಾಕುವ ಮರಾಠಿ ಮೊಗ್ಗು ಬೇರೆ ಮರದ ಮೊಗ್ಗಾಗಿದ್ದು, ಅದರಲ್ಲಿ ಫೋಗೆ ಬೇಕಾದ ಸೋಂಪಿನಂಥ ಪರಿಮಳವಿಲ್ಲ.

ಮೀನಿನ ಸಾಸ್. ನುಓಕ್ ಮಾಮ್ ಎಂಬ ಈ ಸಾಸ್ ಸಣ್ಣ ಮೀನು ಮತ್ತು ಉಪ್ಪನ್ನು ಬಹುಕಾಲ ಹುದುಗಿಸಿ ಇಳಿಸಿದ ರಸ. ಶೀಶೆಯ ಮೇಲೆ 30 ಅಥವಾ 40 ಎಂಬ ಅಂಕಿಯ ಜೊತೆ ಡಿಗ್ರಿ ಗುರುತು ಮತ್ತು ನೈಟ್ರೋಜನ್ನಿನ N ಅಕ್ಷರ ಇದ್ದರೆ ಅದು ಪ್ರೋಟೀನಿನ ಸಾಂದ್ರತೆಯ ಸೂಚನೆ. ಅಂಕಿ ಹೆಚ್ಚಿದಷ್ಟೂ ರುಚಿ ತುಂಬು. ಸಾಮಗ್ರಿ ಪಟ್ಟಿಯಲ್ಲಿ ಮೀನು, ಉಪ್ಪುಗಳಿಗಿಂತ ಹೆಚ್ಚಿಗೆ ಇರುವ ಹೆಸರುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

## ಹಂತ 1: ಮೂಳೆಗಳನ್ನು ಒಮ್ಮೆ ಕುದಿಸಿ ಚೆಲ್ಲುವುದು

ಬೆನ್ನು, ರೆಕ್ಕೆ, ಉಗುರು ಕತ್ತರಿಸಿದ ಕಾಲುಗಳನ್ನು ಮುಳುಗುವಷ್ಟು ನೀರಿಗೆ ಹಾಕಿ ದೊಡ್ಡ ಉರಿಯಲ್ಲಿ ಕುದಿಸಿ. ಕುದಿ ಬಂದ ಮೇಲೆ ಐದು ನಿಮಿಷ ಬಿಟ್ಟು, ಬೂದುಬಣ್ಣದ ನೊರೆಯೊಂದಿಗೆ ಆ ನೀರನ್ನು ಪೂರ್ತಿಯಾಗಿ ಚೆಲ್ಲಿ, ಮೂಳೆಗಳನ್ನೂ ಪಾತ್ರೆಯನ್ನೂ ತಣ್ಣೀರಿನಲ್ಲಿ ತೊಳೆಯಿರಿ. ಸಾರವೆಲ್ಲ ಚರಂಡಿಗೆ ಹೋಯಿತೆಂದು ಮರುಗಬೇಕಾಗಿಲ್ಲ. ಹೋಗುವುದು ರಕ್ತ ಮತ್ತು ಬೇಗ ಹೆಪ್ಪುಗಟ್ಟುವ ಪ್ರೋಟೀನು ಮಾತ್ರ, ಜೆಲಟಿನ್ ಇನ್ನೂ ಮೂಳೆಯಲ್ಲೇ ಇರುತ್ತದೆ. ಸೂಪು ಕಲಕಿತೆನ್ನುವವರಲ್ಲಿ ಬಹುಪಾಲು ಜನ ಬಿಟ್ಟಿರುವುದು ಇದೇ ಹಂತವನ್ನು.

ಇಡೀ ಕೋಳಿಯನ್ನು ಹೀಗೆ ಕುದಿಸಬೇಡಿ, ಚರ್ಮ ಹರಿಯುತ್ತದೆ. ಹೊಟ್ಟೆಯೊಳಗೆ ಬೆನ್ನೆಲುಬಿಗೆ ಅಂಟಿಕೊಂಡ ರಕ್ತದ ಗರಣೆಗಳನ್ನು ಬೆರಳಿನಿಂದ ತೆಗೆದು, ಒಂದು ಹಿಡಿ ಕಲ್ಲುಪ್ಪಿನಿಂದ ಮೈಯನ್ನು ಉಜ್ಜಿ, ನೀರು ಸಿಡಿಯದಂತೆ ತೊಳೆದರೆ ಸಾಕು. ಅರಿಶಿನ ಹಚ್ಚುವ ಅಭ್ಯಾಸವನ್ನು ಇಂದಿಗೆ ಬದಿಗಿಡಬೇಕು, ಏಕೆಂದರೆ ಅದರ ಬಣ್ಣ ಮತ್ತು ವಾಸನೆ ಸೂಪಿನಿಂದ ಹೋಗುವುದಿಲ್ಲ.

## ಹಂತ 2: ಈರುಳ್ಳಿ, ಶುಂಠಿ ಸುಡುವುದು

ಈರುಳ್ಳಿ ಮತ್ತು ಶುಂಠಿಯನ್ನು ಸಿಪ್ಪೆಸಹಿತ ಜಾಲರಿಯ ಮೇಲಿಟ್ಟು ನೇರವಾಗಿ ಗ್ಯಾಸ್ ಉರಿಯಲ್ಲಿ ಸುಡಿ. ಇಕ್ಕಳದಿಂದ ತಿರುಗಿಸುತ್ತ ಹತ್ತು ಹದಿನೈದು ನಿಮಿಷ ಬಿಟ್ಟರೆ ಹೊರಗೆ ಕಪ್ಪಾಗಿ, ಒಳಗೆ ಮೆತ್ತಗಾಗಿ, ಒತ್ತಿದರೆ ರಸ ಜಿನುಗುತ್ತದೆ. ಇಂಡಕ್ಷನ್ ಒಲೆಯವರು ಈರುಳ್ಳಿಯನ್ನು ಅಡ್ಡಲಾಗಿ ಸೀಳಿ, ಶುಂಠಿಯನ್ನು ಉದ್ದಕ್ಕೆ ಸೀಳಿ, ಎಣ್ಣೆ ಹಾಕದ ಕಬ್ಬಿಣದ ಕಾವಲಿಯ ಮೇಲೆ ಬೋರಲಾಗಿ ಇಡಬಹುದು.

ಆಮೇಲೆ ಸುಟ್ಟ ಸಿಪ್ಪೆಯನ್ನು ತೆಗೆದು, ಇದ್ದಿಲಾದ ಭಾಗವನ್ನು ಚಾಕುವಿನ ಮೊಂಡು ಬದಿಯಿಂದ ಕೆರೆದು, ನೀರಿನಲ್ಲಿ ಒಮ್ಮೆ ತೊಳೆದು, ಶುಂಠಿಯನ್ನು ಜಜ್ಜಿ ಇಡಿ. ಇಲ್ಲಿ ತಪ್ಪುಗಳು ಎರಡು ಬಗೆಯವು. ಒಂದು, ಹೆದರಿ ಬರೀ ಕಂದು ಬಣ್ಣಕ್ಕೆ ನಿಲ್ಲಿಸುವುದು. ಆಗ ಹಸಿ ಈರುಳ್ಳಿಯ ವಾಸನೆ ಸೂಪಿಗೆ ಇಳಿಯುತ್ತದೆ. ಎರಡು, ಕರಿಯನ್ನು ಕೆರೆಯದೆ ಹಾಗೆಯೇ ಹಾಕುವುದು. ಅದರಿಂದ ಕಹಿ ಬರುತ್ತದೆ, ಮತ್ತು ಕಹಿ ಬಂದ ಸೂಪನ್ನು ಯಾವ ಸಕ್ಕರೆಯೂ ಸರಿಪಡಿಸುವುದಿಲ್ಲ. ಎಣ್ಣೆಯಲ್ಲಿ ಹುರಿಯುವುದು ಇದಕ್ಕೆ ಬದಲಿಯಲ್ಲ.

## ಹಂತ 3: ಕೋಳಿಯನ್ನು ಕುದಿಸದೆ ಬೇಯಿಸುವುದು

ತೊಳೆದ ಮೂಳೆಗಳನ್ನು ಪಾತ್ರೆಯ ತಳಕ್ಕೆ ಹರಡಿ, ಅವುಗಳ ಮೇಲೆ ಕೋಳಿಯನ್ನು ಎದೆಭಾಗ ಕೆಳಗಾಗಿ ಇಟ್ಟು, ನಾಲ್ಕು ಲೀಟರ್ ತಣ್ಣೀರು, ಸುಟ್ಟ ಈರುಳ್ಳಿ, ಶುಂಠಿ, ಉಪ್ಪು, ಕಲ್ಲುಸಕ್ಕರೆ ಹಾಕಿ. ಮಧ್ಯಮ ಉರಿಯಲ್ಲಿ ನಿಧಾನವಾಗಿ ಬಿಸಿಯಾಗಲಿ. ಅಂಚಿನಲ್ಲಿ ಗುಳ್ಳೆಗಳು ಕಾಣಿಸುತ್ತಿದ್ದಂತೆ ಉರಿಯನ್ನು ತೀರಾ ಸಣ್ಣಗೆ ಮಾಡಿ, ಮೇಲೆ ಬಂದ ನೊರೆಯನ್ನು ಸೌಟಿನಿಂದ ತೆಗೆಯಿರಿ.

ಇಡೀ ಅಡುಗೆಯ ಅಳಿವು ಉಳಿವು ಈ ಉರಿಯ ಮೇಲಿದೆ. ನೀರಿನ ಮೇಲ್ಮೈ ಸ್ವಲ್ಪ ನಡುಗುತ್ತಿರಬೇಕು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು. ಥರ್ಮಾಮೀಟರ್ ಇಟ್ಟರೆ 90ರಿಂದ 95 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕೊತಕೊತನೆ ಕುದಿಯಲು ಬಿಟ್ಟರೆ ಜಿಡ್ಡು ಸಣ್ಣ ಕಣಗಳಾಗಿ ಒಡೆದು ನೀರಿನಲ್ಲಿ ಬೆರೆತುಹೋಗುತ್ತದೆ, ನೊರೆಯೂ ಮೇಲೆ ನಿಲ್ಲದೆ ಒಳಗೇ ಕದಡುತ್ತದೆ. ನಂತರ ಎಷ್ಟು ಸೋಸಿದರೂ ಆ ಕಲಕು ಪೂರ್ತಿ ಹೋಗುವುದಿಲ್ಲ. ಮುಚ್ಚಳವನ್ನು ಪೂರ್ತಿ ಮುಚ್ಚಿದರೆ ಒಳಗಿನ ಬಿಸಿ ನಿಮಗೆ ತಿಳಿಯದಂತೆ ಏರಿ ಕುದಿ ಬಂದುಬಿಡುತ್ತದೆ, ಆದ್ದರಿಂದ ಓರೆಯಾಗಿಡಿ. ಸೌಟಿನಿಂದ ಕಲಕುವ ಕೆಲಸವೂ ಬೇಡ.

ಬ್ರಾಯ್ಲರ್ ಕೋಳಿಗೆ ಹೀಗೆ ಮೂವತ್ತರಿಂದ ಮೂವತ್ತೈದು ನಿಮಿಷ ಸಾಕು. ಆಮೇಲೆ ಒಲೆ ಆರಿಸಿ, ಮುಚ್ಚಿ, ಹದಿನೈದು ನಿಮಿಷ ಬಿಡಿ. ನಾಟಿ ಕೋಳಿಗೆ ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬೇಕಾಗಬಹುದು. ತೊಡೆಯ ದಪ್ಪ ಭಾಗಕ್ಕೆ ಚುಚ್ಚಿದಾಗ ರಸ ತಿಳಿಯಾಗಿ ಬರಬೇಕು, ಮೂಳೆಗೆ ತಾಗದಂತೆ ಅಳೆದರೆ 74 ಡಿಗ್ರಿ ಇರಬೇಕು. ರಸ ಕೆಂಪಗಿದ್ದರೆ ಮತ್ತೆ ಹತ್ತು ನಿಮಿಷ ಸಣ್ಣ ಉರಿಗೆ ಇಡಿ.

## ಹಂತ 4: ತಣ್ಣೀರಿಗೆ ಹಾಕಿ ಮಾಂಸ ಬಿಡಿಸುವುದು

ಕೋಳಿಯನ್ನು ಚರ್ಮ ಹರಿಯದಂತೆ ಎತ್ತಿ, ಮಂಜುಗಡ್ಡೆ ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ. ಇದರಿಂದ ಬೇಯುವಿಕೆ ಅಲ್ಲಿಗೇ ನಿಲ್ಲುತ್ತದೆ, ಚರ್ಮ ಬಿಗಿಯಾಗುತ್ತದೆ, ಎದೆಯ ಮಾಂಸ ಒಣಗುವುದಿಲ್ಲ. ನೀರಿನಿಂದ ತೆಗೆದು, ಎದೆ ಮತ್ತು ತೊಡೆಯ ಮಾಂಸವನ್ನು ಚರ್ಮದೊಂದಿಗೆ ಬಿಡಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಬಡಿಸುವ ಮೊದಲಷ್ಟೇ ಎಳೆಗೆ ಅಡ್ಡಲಾಗಿ ಕತ್ತರಿಸಬೇಕು. ಈಗಲೇ ಕತ್ತರಿಸಿಟ್ಟರೆ ಅಂಚುಗಳು ಒಣಗುತ್ತವೆ.

## ಹಂತ 5: ಮೂಳೆಗಳ ಎರಡನೆಯ ಸುತ್ತು

ಬಿಡಿಸಿದ ಕೋಳಿಯ ಎಲುಬಿನ ಗೂಡನ್ನು ಮತ್ತೆ ಪಾತ್ರೆಗೆ ಹಾಕಿ, ಅದೇ ನಡುಗುವ ಉರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬಿಡಿ. ನೀರು ಇಳಿದು ಮೂಳೆಗಳು ಮೇಲೆ ಕಂಡರೆ ಮಾತ್ರ ಸ್ವಲ್ಪ ಬಿಸಿನೀರು ಸೇರಿಸಬಹುದು. ಕೊನೆಯಲ್ಲಿ ಸುಮಾರು ಮೂರು ಲೀಟರ್ ಉಳಿಯಬೇಕು. ನೆಂಟರು ಹೆಚ್ಚಿದರೆಂದು ಒಂದು ಲೀಟರ್ ನೀರು ಸುರಿದರೆ ಸೂಪು ತೆಳುವಾಗುತ್ತದೆ, ಆಗ ಅದನ್ನು ಮಸಾಲೆಯಿಂದ ಮುಚ್ಚುವ ಆಸೆ ಹುಟ್ಟುತ್ತದೆ.

## ಹಂತ 6: ಮಸಾಲೆ, ಕೊನೆಯ ನಲವತ್ತು ನಿಮಿಷಕ್ಕೆ

ಮಸಾಲೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ. ಸಾರಿನ ಪುಡಿಗೆ ಹುರಿಯುವಷ್ಟು ಹುರಿಯಬಾರದು. ಪರಿಮಳ ಬಂದ ಕೂಡಲೇ ಇಳಿಸಬೇಕು. ಕಪ್ಪು ಏಲಕ್ಕಿಯನ್ನು ಒಮ್ಮೆ ಜಜ್ಜಿ, ಉಳಿದದ್ದನ್ನು ಇಡಿಯಾಗಿಯೇ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಸೂಪಿಗೆ ಬಿಡಿ. ಪುಡಿ ಮಾಡಿದರೆ ಸೂಪಿಗೆ ಬಣ್ಣವೂ ರಜವೂ ಸೇರುತ್ತವೆ.

ಇಪ್ಪತ್ತು ನಿಮಿಷದ ನಂತರ ಒಮ್ಮೆ ರುಚಿ ನೋಡಿ. ಮೊದಲು ನಾಲಿಗೆಗೆ ಕೋಳಿಯ ರುಚಿ ಬರಬೇಕು, ಚಕ್ರಮೊಗ್ಗು ಹಿಂದಿನಿಂದ ಬರಬೇಕು. ಕ್ರಮ ತಿರುವುಮುರುವಾಗಿದ್ದರೆ ಗಂಟನ್ನು ಆಗಲೇ ತೆಗೆದುಬಿಡಿ. ಚಕ್ರಮೊಗ್ಗು ಮತ್ತು ಲವಂಗ ಹೊತ್ತು ಹೋದಂತೆಲ್ಲ ಔಷಧದ ವಾಸನೆಗೆ ತಿರುಗುತ್ತವೆ, ಮೊದಲಿನಿಂದಲೇ ಹಾಕಬಾರದೆನ್ನುವುದು ಇದಕ್ಕಾಗಿಯೇ. ಗರಂ ಮಸಾಲೆ, ಬೆಳ್ಳುಳ್ಳಿ ಪೇಸ್ಟು, ಕರಿಬೇವು ಇವಾವುದಕ್ಕೂ ಇಲ್ಲಿ ಕೆಲಸವಿಲ್ಲ. ಒಗ್ಗರಣೆಗಂತೂ ಇಲ್ಲವೇ ಇಲ್ಲ.

## ಹಂತ 7: ಸೋಸಿ, ಹದ ಕೊಡುವುದು

ಸೂಪನ್ನು ಪಾತ್ರೆ ಬಗ್ಗಿಸಿ ಸುರಿಯದೆ, ಸೌಟಿನಿಂದ ಮೇಲುಮೇಲಿನದನ್ನು ಎತ್ತಿ, ಒದ್ದೆ ಬಟ್ಟೆ ಹಾಸಿದ ಜರಡಿಯ ಮೂಲಕ ಸೋಸಿ. ತಳದ ಒಂದೆರಡು ಸೌಟು ಕಲಕು ಉಳಿದರೆ ಬಿಟ್ಟುಬಿಡಿ. ಮೂಳೆಗಳನ್ನು ಹಿಂಡಬೇಡಿ. ಮೇಲಿನ ಜಿಡ್ಡನ್ನು ಬೇರೆ ತೆಗೆದು ಇಟ್ಟುಕೊಳ್ಳಿ, ಬಡಿಸುವಾಗ ಪ್ರತಿ ಬಟ್ಟಲಿಗೆ ಒಂದು ಸಣ್ಣ ಚಮಚ ಹಾಕಲು ಬೇಕಾಗುತ್ತದೆ.

ಈಗ ಒಲೆ ಆರಿಸಿ ಮೀನಿನ ಸಾಸ್ ಸೇರಿಸಿ. ಮೊದಲು ಮೂರು ಚಮಚ, ರುಚಿ ನೋಡಿದ ಮೇಲೆ ನಾಲ್ಕನೆಯದು. ಬಹಳ ಹೊತ್ತು ಕುದಿಸಿದರೆ ಅದರ ಪರಿಮಳ ಹೋಗಿ ಉಪ್ಪು ಮತ್ತು ಘಾಟು ಮಾತ್ರ ಉಳಿಯುತ್ತದೆ. ಶೀಶೆ ತೆರೆದಾಗ ಬರುವ ವಾಸನೆಗೆ ಹೆದರಿ ಅದನ್ನು ಬಿಟ್ಟವರ ಸೂಪು ಕೋಳಿ ಬೇಯಿಸಿದ ನೀರಿನಂತೆಯೇ ಉಳಿಯುತ್ತದೆ. ಸೂಪಿನಲ್ಲಿ ಬೆರೆತ ಮೇಲೆ ಮೀನು ಬೇರೆಯಾಗಿ ತಿಳಿಯುವುದಿಲ್ಲ.

ರುಚಿ ನೋಡುವಾಗ ನೆನಪಿಡಬೇಕಾದದ್ದು: ಬರೀ ಸೂಪು ಕುಡಿದಾಗ ಉಪ್ಪು ಒಂದು ಕೂದಲೆಳೆ ಹೆಚ್ಚೆನಿಸಬೇಕು. ನೂಡಲ್ಸ್‌ಗೆ ಉಪ್ಪು ಹಾಕಿರುವುದಿಲ್ಲ, ಮಾಂಸಕ್ಕೂ ಅಷ್ಟಾಗಿ ಹಿಡಿದಿರುವುದಿಲ್ಲ. ಸೌಟಿನಲ್ಲಿ ಹದವಾಗಿದ್ದ ಸೂಪು ಬಟ್ಟಲಿನಲ್ಲಿ ಸಪ್ಪೆಯಾಗುವುದಕ್ಕೆ ಇದೇ ಕಾರಣ.

## ಹಂತ 8: ನೂಡಲ್ಸ್

ಒಣ ನೂಡಲ್ಸನ್ನು ಮಾಮೂಲಿ ತಣ್ಣೀರಿನಲ್ಲಿ ಮೂವತ್ತರಿಂದ ನಲವತ್ತು ನಿಮಿಷ ನೆನೆಸಿ. ಬಾಗಿಸಿದರೆ ಮುರಿಯದೆ ಬಾಗಬೇಕು, ಕಚ್ಚಿದರೆ ನಡುವೆ ಇನ್ನೂ ಗಟ್ಟಿ ಇರಬೇಕು. ಕುದಿನೀರಿನಲ್ಲಿ ನೆನೆಸಿದರೆ ಹೊರಪದರ ಬೆಂದು ಅಂಟಾಗುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ.

ಬಡಿಸುವ ಹೊತ್ತಿಗೆ ಬೇರೊಂದು ಪಾತ್ರೆಯಲ್ಲಿ ನೀರನ್ನು ಜೋರಾಗಿ ಕುದಿಸಿ, ಒಬ್ಬರಿಗೆ ಬೇಕಾದಷ್ಟನ್ನು ಮಾತ್ರ ಜರಡಿಯಲ್ಲಿ ಅದ್ದಿ, ಹದಿನೈದು ಇಪ್ಪತ್ತು ಸೆಕೆಂಡಿಗೆ ಎತ್ತಿ, ನೀರನ್ನು ಪೂರ್ತಿ ಕೊಡವಿ ಬಟ್ಟಲಿಗೆ ಹಾಕಿ. ಅಗಲವಾದ ನೂಡಲ್ಸ್‌ಗೆ ಇನ್ನೂ ಸ್ವಲ್ಪ ಹೊತ್ತು ಬೇಕಾದೀತು, ಒಂದೆಳೆ ಕಚ್ಚಿ ನೋಡಿ. ಆರೂ ಜನರದ್ದನ್ನು ಒಟ್ಟಿಗೆ ಬೇಯಿಸಿ ಇಡುವ ಜಾಣತನ ಬೇಡ. ನೂಡಲ್ಸನ್ನು ಸೂಪಿನ ಪಾತ್ರೆಯಲ್ಲೇ ಬೇಯಿಸುವುದೂ ತಪ್ಪು. ಅದರ ಪಿಷ್ಟ ಬಿಟ್ಟುಕೊಂಡು, ನಾಲ್ಕು ಗಂಟೆ ಕಾಪಾಡಿದ ತಿಳಿ ನಾಲ್ಕು ನಿಮಿಷದಲ್ಲಿ ಹಾಳಾಗುತ್ತದೆ.

## ಹಂತ 9: ಬಟ್ಟಲು ಜೋಡಿಸುವುದು

ಬಟ್ಟಲುಗಳನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿಡಿ. ಸೂಪು ಈಗ ಮಾತ್ರ ಒಮ್ಮೆ ಚೆನ್ನಾಗಿ ಕುದಿಯಲಿ. ನೂಡಲ್ಸ್, ಅದರ ಮೇಲೆ ಕೋಳಿ, ಹೆಚ್ಚಿದ ಈರುಳ್ಳಿ ಹೂವು, ಕೊತ್ತಂಬರಿ, ನಡುನರ ತೆಗೆದು ಅತಿ ತೆಳುವಾಗಿ ಹೆಚ್ಚಿದ ಎಳೆಯ ನಿಂಬೆ ಎಲೆ, ಕಾಳುಮೆಣಸಿನ ಪುಡಿ. ಕೊನೆಗೆ ನಾನೂರರಿಂದ ನಾನೂರೈವತ್ತು ಮಿಲಿಲೀಟರ್ ಸೂಪು. ಫ್ರಿಜ್‌ನಿಂದ ತೆಗೆದ ಮಾಂಸವನ್ನು ನೇರವಾಗಿ ಹಾಕಿದರೆ ಸೂಪು ಉಗುರುಬೆಚ್ಚಗಾಗುತ್ತದೆ, ಅದನ್ನೂ ಜರಡಿಯಲ್ಲಿಟ್ಟು ಕುದಿನೀರಿಗೆ ಒಮ್ಮೆ ತೋರಿಸಿ.

ದಕ್ಷಿಣದ ಸೈಗಾನ್ ಕಡೆಯವರು ಮೊಳಕೆಕಾಳು, ತುಳಸಿ ಜಾತಿಯ ಸೊಪ್ಪು, ಗರಗಸದ ಅಂಚಿನ ಉದ್ದೆಲೆಯ ಕೊತ್ತಂಬರಿ, ಸೋಯಾ ಕಾಳಿನ ಸಿಹಿಯಾದ ಗಟ್ಟಿ ಹೊಯ್ಸಿನ್ ಸಾಸ್‌ಗಳನ್ನು ಬದಿಗೆ ಇಡುತ್ತಾರೆ. ಆ ತುಳಸಿ ಜಾತಿಯ ಸೊಪ್ಪಿನ ಬದಲಿಗೆ ನಮ್ಮ ಪೂಜೆಯ ತುಳಸಿ ಹೊಂದುವುದಿಲ್ಲ, ಅದರ ಘಾಟೇ ಬೇರೆ. ಕಾಮಕಸ್ತೂರಿ ಅದೇ ಕುಲದ ಹತ್ತಿರದ ಗಿಡವಾದ್ದರಿಂದ ಎಳೆ ಎಲೆಗಳನ್ನು ಧೈರ್ಯವಾಗಿ ಬಳಸಬಹುದು. ಹೊಯ್ಸಿನ್ ಸಾಸನ್ನು ಸೂಪಿಗೆ ಕಲಕುವುದಕ್ಕಿಂತ ಸಣ್ಣ ತಟ್ಟೆಯಲ್ಲಿಟ್ಟು ಮಾಂಸ ಅದ್ದಿ ತಿನ್ನುವುದು ಮೇಲು. ಏನನ್ನು ಹಿಂಡುವುದಿದ್ದರೂ ಮೊದಲು ಎರಡು ಚಮಚ ಸೂಪನ್ನು ಹಾಗೆಯೇ ಕುಡಿದು ನೋಡುವುದು ಒಳಿತು.

## ಕುಕ್ಕರಿನಲ್ಲಿ ಮಾಡಬಹುದೇ?

ಮೂಳೆಗಳ ಎರಡನೆಯ ಸುತ್ತಿಗೆ ಮಾತ್ರ ಮಾಡಬಹುದು. ಒತ್ತಡ ಏರಿದ ಮೇಲೆ ಸೀಟಿ ಕೂಗದಷ್ಟು ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಇಟ್ಟು, ತಾನಾಗಿ ಒತ್ತಡ ಇಳಿಯುವವರೆಗೆ ಕಾಯಬೇಕು. ಒತ್ತಡದಡಿ ನೀರು ಕುದಿಯದೆ ಬಿಸಿಯಾಗಿರುವುದರಿಂದ ಸೂಪು ತಿಳಿಯಾಗಿಯೇ ಉಳಿಯುತ್ತದೆ. ಒಂದೊಂದು ಸೀಟಿ ಕೂಗಿದಾಗಲೂ ಒತ್ತಡ ಒಮ್ಮೆಗೇ ಇಳಿದು ಒಳಗೆ ಭರ್ರನೆ ಕುದಿಯುತ್ತದೆ. ಆರು ಸೀಟಿ ಕೂಗಿಸಿ, ತೂಕವನ್ನು ಎತ್ತಿ ಗಾಳಿ ಬಿಟ್ಟರೆ ಸಿಗುವುದು ಕಲಕಿದ ಸೂಪೇ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ.

## ಎಚ್ಚರಿಕೆಯ ಲಕ್ಷಣಗಳು

ಮೊದಲ ಅರ್ಧ ಗಂಟೆಯಲ್ಲೇ ಸೂಪು ಬೆಳ್ಳಗಾಗತೊಡಗಿದರೆ ಉರಿ ಹೆಚ್ಚಾಗಿದೆ. ತಕ್ಷಣ ಇಳಿಸಿದರೆ ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳಬಹುದು. ಪೂರ್ತಿ ಕಲಕಿದ್ದರೆ ಸೋಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಗಟ್ಟಿಯಾದ ಜಿಡ್ಡನ್ನು ಎತ್ತಿ, ತಳದ ಗಸಿಯನ್ನು ಬಿಟ್ಟು ಮೇಲಿನದನ್ನು ಬಳಸಿ. ನೋಟ ಕೆಟ್ಟರೂ ರುಚಿಗೆ ದೊಡ್ಡ ಹಾನಿಯಿಲ್ಲ.

ಫ್ರಿಜ್‌ನಲ್ಲಿಟ್ಟ ಸೂಪು ಅಲುಗಾಡುವ ಜೆಲ್ಲಿಯಾದರೆ ಕೆಟ್ಟಿತೆಂದು ಚೆಲ್ಲಬೇಡಿ, ಅದು ಕೆಲಸ ಸರಿಯಾಗಿದೆ ಎಂಬುದರ ಗುರುತು. ನೀರಾಗಿಯೇ ಉಳಿದರೆ ಮುಂದಿನ ಸಲ ಕಾಲು, ರೆಕ್ಕೆ ಹೆಚ್ಚಿಸಬೇಕು. ಉಪ್ಪು ಸರಿಯಿದ್ದೂ ಏನೋ ಕೊರತೆ ಎನಿಸಿದರೆ ಮಸಾಲೆಯ ಕಡೆ ಕೈ ಚಾಚದೆ, ಮೊದಲು ಅರ್ಧ ಚಮಚ ಮೀನಿನ ಸಾಸ್, ಆಮೇಲೆ ಒಂದು ಚೂರು ಕಲ್ಲುಸಕ್ಕರೆ ಹಾಕಿ ನೋಡಿ.

## ಮಾಂಸವಿಲ್ಲದ ಫೋ ಚಾಯ್

ವಿಯೆಟ್ನಾಮಿನಲ್ಲಿ ಬೌದ್ಧರಲ್ಲಿ ಹಲವರು ಚಾಂದ್ರಮಾಸದ 1 ಮತ್ತು 15ನೆಯ ದಿನ ಮಾಂಸ ಬಿಡುತ್ತಾರೆ, ಹಾಗಾಗಿ ಸಸ್ಯಾಹಾರಿ ಫೋ ಅಲ್ಲಿನದೇ ಅಡುಗೆ. ಮೂರು ಲೀಟರ್ ನೀರಿಗೆ ಅರ್ಧ ಕಿಲೋ ಮೂಲಂಗಿ, ಎರಡು ಕ್ಯಾರೆಟ್, ಕಾಲು ಎಲೆಕೋಸು, ಎರಡು ಜೋಳದ ತೆನೆ, ಹತ್ತು ಒಣ ಶಿಟಾಕೆ ಅಣಬೆ ಮತ್ತು ಅವು ನೆನೆದ ನೀರು ಹಾಕಿ, ಸುಟ್ಟ ಶುಂಠಿಯೊಂದಿಗೆ ಒಂದು ಗಂಟೆ ಮಾತ್ರ ಬೇಯಿಸಿ. ಅದಕ್ಕಿಂತ ಹೆಚ್ಚಾದರೆ ಕೋಸಿನ ವಾಸನೆ ಏಳುತ್ತದೆ. ವ್ರತದವರು ಈರುಳ್ಳಿ ಹಾಕುವುದಿಲ್ಲ, ಉಳಿದವರು ಸುಟ್ಟು ಹಾಕಬಹುದು. ಮಸಾಲೆ ಗಂಟು ಕೊನೆಯ ಇಪ್ಪತ್ತು ನಿಮಿಷಕ್ಕೆ. ಮೀನಿನ ಸಾಸ್ ಬದಲಿಗೆ ಉಪ್ಪು ಮತ್ತು ತೆಳು ಸೋಯಾ ಸಾಸ್. ಸೋಯಾ ಹೆಚ್ಚಾದರೆ ಸೂಪು ಕಪ್ಪಾಗುತ್ತದೆ. ಹುರಿದ ತೋಫು ಮತ್ತು ಅದೇ ಅಣಬೆಗಳನ್ನು ಮೇಲೆ ಇಡಿ.

## ಫೋ ಬೊ ಮಾಡುವವರಿಗೆ

ಹೊರದೇಶಗಳಲ್ಲಿದ್ದು ದನದ ಮೂಳೆ ಸುಲಭವಾಗಿ ಸಿಗುವವರು ಇದೇ ಕ್ರಮವನ್ನು ಅನುಸರಿಸಬಹುದು. ವ್ಯತ್ಯಾಸ ಇಷ್ಟೇ: ಮೂಳೆಯನ್ನು ಹತ್ತು ನಿಮಿಷ ಕುದಿಸಿ ಚೆಲ್ಲಬೇಕು, ಸೂಪಿಗೆ ಕನಿಷ್ಠ ಆರು ಗಂಟೆ ಬೇಕು, ಎದೆಯ ಮಾಂಸವನ್ನು ಮೆತ್ತಗಾದ ಕೂಡಲೇ, ಅಂದರೆ ಸುಮಾರು ಎರಡು ಗಂಟೆಗೆ, ಹೊರತೆಗೆಯಬೇಕು. ಚಕ್ರಮೊಗ್ಗು, ಚಕ್ಕೆ ಎರಡರಷ್ಟಾದರೂ ತಡೆಯುತ್ತದೆ.

## ಉಳಿದದ್ದನ್ನು ಇಡುವುದು

ಸೋಸಿದ ಸೂಪನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡಬಾರದು. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಅಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಮೂರು ತಿಂಗಳು ಇಡಬಹುದು. ಒಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆಬೇರೆ ಡಬ್ಬಿಗಳಲ್ಲಿ ಹಾಕಿ, ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಫ್ರೀಜರ್‌ಗೆ ಹಾಕುವ ಭಾಗಕ್ಕೆ ಮೀನಿನ ಸಾಸ್ ಹಾಕದೆ, ಮತ್ತೆ ಬಿಸಿ ಮಾಡಿ ಚೆನ್ನಾಗಿ ಕುದಿಸಿ ಇಳಿಸಿದ ಮೇಲೆ ಸೇರಿಸುವುದು ಉತ್ತಮ. ಬೆಂದ ನೂಡಲ್ಸನ್ನು ಮಾತ್ರ ಉಳಿಸಬೇಡಿ. ನೆನೆಸಿದ್ದು ಮಿಕ್ಕಿದರೆ ನೀರು ಬಸಿದು ಫ್ರಿಜ್‌ನಲ್ಲಿಟ್ಟು ಮರುದಿನ ಬಳಸಿ.